ಹುಣಸೆ ಬೀಜದ ಲೆಕ್ಕ

ದಂಡಿಗನಹಳ್ಳಿಯ ಲಕ್ಕಯ್ಯನ ಫೋನು ವಾಲ್ವ್ ಗುಂಡಿಗೆ ಬಿದ್ದದ್ದು ಒಂದು ಸೋಮವಾರ ಬೆಳಗ್ಗೆ. ಅವನು ಪಂಚಾಯ್ತಿಯ ವಾಟರ್‌ಮ್ಯಾನು. ಟ್ಯಾಂಕು ತುಂಬಿಸಿ, ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಬಗ್ಗಿದವನ ಜೇಬಿನಿಂದ ಜಾರಿದ ಫೋನು ಗುಂಡಿಯ ಕೆಸರಲ್ಲಿ ಮುಳುಗಿತು. ತೆಗೆದು ಒರೆಸಿದರು, ಅಕ್ಕಿ ಡಬ್ಬದಲ್ಲಿ ಹೂತಿಟ್ಟರು, ಬಿಸಿಲಿಗೆ ಇಟ್ಟರು. ಅದು ಮತ್ತೆ ಕಣ್ಣು ಬಿಡಲಿಲ್ಲ.

ಹಳೆಯ ಬಟನ್ ಫೋನು. ಆದರೆ ಅದರ ಗಂಟಲು ದೊಡ್ಡದು. ಪ್ರತಿ ಸೋಮವಾರ ಸಂಜೆ ಅರಕಲಗೂಡಿನಿಂದ ಲಕ್ಕಯ್ಯನ ಅಕ್ಕ ಮಾರಮ್ಮ ತನ್ನ ತಾಯಿ ದೊಡ್ಡಮ್ಮನಿಗೆ ಫೋನು ಮಾಡಿದರೆ, ಆ ಮಾತು ಮನೆಯವರಿಗಿರಲಿ, ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರಿಗೂ ಕೇಳುತ್ತಿತ್ತು. ಕಿವಿ ಮಂದವಾಗುತ್ತಿದ್ದ ದೊಡ್ಡಮ್ಮನಿಗೆ ಅದೇ ವಾರದ ಹಬ್ಬ. ಆ ಸೋಮವಾರವೂ ಅವಳು ಮುಖ ತೊಳೆದು, ಗೋಡೆಯ ಮೇಲಿದ್ದ ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಪಟಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟು, ಬಾಗಿಲಲ್ಲಿ ಬಂದು ಕೂತಳು. ಫೋನು ಸತ್ತಿದೆ ಎಂಬುದು ಗೊತ್ತಿದ್ದರೂ ಕೂತಳು.

"ಬುದ್ಧನಿಗೆ ಕುಂಕುಮ ಇಡ್ಬಾರ್ದು ಅಂತ ಎಷ್ಟು ಸಲ ಹೇಳ್ಲಿ ಅಜ್ಜಿ?" ಅಂದ ಮೊಮ್ಮಗ ಗೌತಮ್. ಚನ್ನರಾಯಪಟ್ಟಣದಲ್ಲಿ ಪಿಯುಸಿ ಓದುವ ಹುಡುಗ.

"ಬರೀ ಹಣೇಲಿ ಇರಕ್ಕೆ ಅವ್ನೇನು ಪರದೇಸಿನಾ? ನಮ್ಮನೆ ಮಗ ಕಣ್ಲಾ."

ಸೊಸೆ ನಾಗಲಕ್ಷ್ಮಿ ಒಲೆಯ ಮುಂದೆ ಮುದ್ದೆ ತೊಳಸುತ್ತಾ ಇದನ್ನು ಕೇಳಿ ನಕ್ಕಳು. ಹಗಲು ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿ, ಬಂದು ಮತ್ತೆ ಮನೆಯ ಒಲೆಗೆ ನಿಲ್ಲುವ ಹೆಂಗಸು ಅವಳು. ಆ ಮನೆಯ ಜಗಳ, ನಗು, ಎಲ್ಲವೂ ಅವಳಿಗೆ ಬೆನ್ನ ಹಿಂದಿನಿಂದಲೇ ಕೇಳಿ ಅಭ್ಯಾಸ.

ಹೊಸ ಫೋನು ತರಬೇಕು ಅನ್ನುವುದರಲ್ಲಿ ತಕರಾರಿರಲಿಲ್ಲ. ಎಂಥದ್ದು ಅನ್ನುವುದರಲ್ಲಿ ಊಟದ ಹೊತ್ತು ಹಾಳಾಗತೊಡಗಿತು. ಮಗಳು ಬಿಂದುಶ್ರೀಗೆ ಒಂದು ಟಚ್ ಫೋನಿತ್ತು, ಅದು ಅವಳ ಜೊತೆ ಬೆಳಗ್ಗೆ ಹಾಸನದ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಮನೆಗೆ ಬರುತ್ತಿತ್ತು. ಈಗ ತರುವುದು ಮನೆಯಲ್ಲೇ ಇರುವ ಫೋನು, ಎಲ್ಲರದ್ದು.

"ಪಂಚಾಯ್ತೀಲಿ ದಿನಾ ಟ್ಯಾಂಕಿನ ಫೋಟೊ ಗ್ರೂಪಿಗೆ ಆಕು ಅಂತವ್ರೆ. ಕ್ಯಾಮ್ರಾ ಚೆನ್ನಾಗಿರ್ಬೇಕು," ಅಂದ ಲಕ್ಕಯ್ಯ.

"ನಂಗೆ ಪಾಠದ ವೀಡಿಯೊ ತುಂಬ್ಕೊಳಕ್ಕೆ ಜಾಗ ಬೇಕು," ಅಂದ ಗೌತಮ್.

"ಪಾಠನೋ ಆಟನೋ?" ಬಿಂದುಶ್ರೀ ಕೇಳಿದಳು.

"ನೀನು ಸುಮ್ನಿರಕ್ಕ, ನಿಂಗೈತಲ್ಲ ಒಂದು."

"ಕರೆಂಟು ಓದ್ರೆ ಯಾವಾಗ ಬತ್ತದೋ ಗೊತ್ತಿಲ್ಲ. ಚಾರ್ಜು ನಿಲ್ಲೋ ಅಂಥದ್ದು ನೋಡಿ," ಅಂದಳು ನಾಗಲಕ್ಷ್ಮಿ, ತಟ್ಟೆಗೆ ಸಾರು ಬಿಡುತ್ತಾ. ಅವಳ ಮಾತು ಸಾರಿನ ಆವಿಯ ಜೊತೆ ಮೇಲೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ.

"ನಂಗೆ ಮಾರಿ ಮಾತು ಕೇಳುಸ್ದ್ರೆ ಸಾಕು ಕಣಪ್ಪ," ಅಂದಳು ದೊಡ್ಡಮ್ಮ.

ವಾರವಿಡೀ ಇದೇ. ಶನಿವಾರ ರಾತ್ರಿಯ ಊಟಕ್ಕೆ ಕೂತಾಗ ಗೌತಮ್ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದೇಬಿಟ್ಟ. ಅದೇ ಹೊತ್ತಿಗೆ ಬೀದಿಯ ಕೊನೆಯ ಮನೆಯ ಮಂಚಯ್ಯ ಖಾಲಿ ಬಿಂದಿಗೆ ಹಿಡಿದು ಬಾಗಿಲಿಗೆ ಬಂದ.

"ಲಕ್ಕಯ್ಯ, ಇವತ್ತೂ ನಮ್ಮನೆ ನಲ್ಲಿ ತೊಟ್ಟಿಕ್ಕಲಿಲ್ಲ ಕಣಯ್ಯ."

"ಟ್ಯಾಂಕು ಪೂರಾ ಬಿಟ್ಟಿವ್ನಿ ಮಂಚಣ್ಣ. ಒಟ್ನಲ್ಲಿ ಬೀದಿಗೆ ಬೇಕಾದಷ್ಟು ನೀರು ಬಂದದೆ."

"ಒಟ್ನಲ್ಲಿ ಬಂದ್ರೆ ನಾನೂ ಒಟ್ನಲ್ಲಿ ಕುಡೀಲಾ?" ಅಂದ ಮಂಚಯ್ಯ. ನಾಗಲಕ್ಷ್ಮಿ ಒಳಗಿನ ಕೊಳಗದಿಂದ ಅವನ ಬಿಂದಿಗೆಗೆ ನೀರು ತುಂಬಿಸಿ ಕಳಿಸಿದಳು. ಲಕ್ಕಯ್ಯ ಮುಖ ಗಂಟುಹಾಕಿಕೊಂಡು ಉಂಡು ಮುಗಿಸಿದ.

ಮರುದಿನ ಬಿಂದುಶ್ರೀ ಅಜ್ಜಿಯ ಚೌಕಾಬಾರದ ಚೀಲ ತಂದು ಜಗಲಿಯ ಮೇಲೆ ಸುರಿದಳು. ಹುಣಸೆ ಬೀಜಗಳು ಉರುಳಾಡಿದವು. ಅವಳು ಹಾಸನದಲ್ಲಿ ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಓದುತ್ತಿದ್ದಳು. ಇನ್ನೊಂದು ವರ್ಷ ಬಾಕಿ, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಬೇಕು ಎಂಬ ಆಸೆ.

"ಅಪ್ಪ, ಎಲ್ರೂ ಬನ್ನಿ. ನಮ್ಮ ಪಾಠದಲ್ಲಿ ಒಂದು ಲೆಕ್ಕ ಐತೆ. ಒಂದು ವಸ್ತೂನ ಒಂದೇ ಗುಣ ನೋಡಿ ಆರಿಸೋದಲ್ಲ, ಹತ್ತು ಗುಣಾನೂ ಒಟ್ಟಿಗಿಟ್ಟು, ಯಾವುದಕ್ಕೆ ಎಷ್ಟು ತೂಕ ಅಂತ ಮೊದ್ಲೇ ಹೇಳಿ, ಆಮೇಲೆ ಆರಿಸೋದು."

"ಫೋನು ತರಕ್ಕೂ ಪಾಠನಾ?" ಲಕ್ಕಯ್ಯ ಬೀಡಿ ಹಚ್ಚಿದ.

"ಪಾಠ ಇಲ್ದೆ ತರೋಕೆ ಓಗಿ ಒಂದು ವಾರ ಕಿತ್ತಾಡಿದ್ವಲ್ಲ."

ಅವಳು ಇದ್ದಿಲಿನಿಂದ ಜಗಲಿಯ ಕಲ್ಲಿನ ಮೇಲೆ ಐದು ಮನೆ ಗೀಚಿದಳು. ಬೆಲೆ, ಬ್ಯಾಟರಿ, ಕ್ಯಾಮೆರಾ, ಜಾಗ, ಸದ್ದು. ಒಬ್ಬೊಬ್ಬರ ಕೈಗೂ ಹತ್ತು ಹತ್ತು ಬೀಜ ಎಣಿಸಿ ಕೊಟ್ಟಳು. "ಯಾವ್ದು ನಿಮಗೆ ಮುಖ್ಯನೋ ಅಲ್ಲಿಗೆ ಜಾಸ್ತಿ ಆಕಿ. ಅಪ್ಪಂಗೂ ಹತ್ತೇ, ಅಜ್ಜಿಗೂ ಹತ್ತೇ. ಆಮೇಲೆ ಅಂಗಡೀಲಿ ಮೂರು ಫೋನು ನೋಡ್ತೀವಿ. ಒಂದೊಂದು ಮನೇಲೂ ಮೇಲಾದ್ದಕ್ಕೆ ಎರಡು ಅಂಕ, ನಡುವಿಂದಕ್ಕೆ ಒಂದು, ಕಡೇದಕ್ಕೆ ಸೊನ್ನೆ. ಅಲ್ಲಿ ಬಿದ್ದ ಒಂದೊಂದು ಬೀಜಕ್ಕೂ ಆ ಅಂಕ ಹಿಡ್ದು, ಎಲ್ಲ ಕೂಡಿದ್ರೆ ಯಾವುದು ಹೆಚ್ಚೋ ಅದು ನಮ್ಮನೆಗೆ."

ಲಕ್ಕಯ್ಯ ಕ್ಯಾಮೆರಾಕ್ಕೂ ಬೆಲೆಗೂ ಹಂಚಿದ. ಗೌತಮ್ ಜಾಗಕ್ಕೂ ಕ್ಯಾಮೆರಾಕ್ಕೂ ಸುರಿದ. ದೊಡ್ಡಮ್ಮ ಹತ್ತನ್ನೂ ಸದ್ದಿನ ಮನೆಗೆ ಹಾಕಿ ಕೈ ಒರೆಸಿಕೊಂಡಳು.

"ಎಲ್ಲಾನೂ ಒಂದ್ಕಡೆ ಸುರಿದ್ರೆ ಎಂಗಜ್ಜಿ?"

"ನನ್ ಬೀಜ, ನನ್ನಿಷ್ಟ."

ಬಿಂದುಶ್ರೀ ತನ್ನ ಹತ್ತನ್ನು ಹಂಚಿ, ಉಳಿದ ಹತ್ತನ್ನು ಹಿಡಿದು ಅಡುಗೆಮನೆಗೆ ಬಂದಳು. "ಅಮ್ಮ, ನಿಂದು."

"ನಿಮ್ಗೆ ತಿಳ್ದಂಗೆ ಆಕ್ಕಳಿ ಕಣವ್ವ. ಕೈಯೆಲ್ಲ ಹಿಟ್ಟು."

"ತೊಳ್ಕೊಂಡು ಬಾ. ನೀನು ಆಕ್ದೆ ಲೆಕ್ಕ ಮುಗಿಯಲ್ಲ."

ನಾಗಲಕ್ಷ್ಮಿ ಕೈ ತೊಳೆದು ಬಂದು ಬೀಜ ಹಿಡಿದು ನಿಂತಳು. ಬೆರಳುಗಳ ನಡುವೆ ಅವು ನುಣುಪಾಗಿ ತಣ್ಣಗಿದ್ದವು. ನಿನಗೇನು ಬೇಕು ಅಂತ ಕೇಳಿ, ಉತ್ತರಕ್ಕೆ ನಾಲ್ಕು ಜನ ಕಾಯುವುದು ಆ ಮನೆಯಲ್ಲಿ ಅವಳಿಗೆ ಹೊಸದು. ಆರನ್ನು ಬ್ಯಾಟರಿಗೆ ಹಾಕಿದಳು, ಮೂರನ್ನು ಬೆಲೆಗೆ. ಒಂದು ಉಳಿಯಿತು. ಅತ್ತೆಯ ಮುಖ ನೋಡಿ ಅದನ್ನು ಸದ್ದಿಗೆ ಹಾಕಿದಳು.

ಲಕ್ಕಯ್ಯನಿಗೆ ಆಟ ಹಿಡಿಸಿತ್ತು. ಬಿಂದುಶ್ರೀ ಅದೇ ಸಮಯ ನೋಡಿ ಮಾತೆತ್ತಿದಳು.

"ಅಪ್ಪ, ಒಂದು ಮಾತು. ಸೋದರತ್ತೆ ಅರಕಲಗೂಡಿನ ಸಂಬಂಧ ಒಂದು ಹೇಳ್ತಾ ಅವ್ರಲ್ಲ. ಅದಕ್ಕೂ ಹಿಂಗೇ ಬೀಜ ಆಕ್ಬೇಕು. ನಾನೂ ಆಕ್ತೀನಿ. ಸುಮ್ನೆ ಕಾಫಿ ಲೋಟ ಹಿಡ್ಕೊಂಡು ಬಂದು ನಿಲ್ಲಲ್ಲ."

ಮಾರಮ್ಮ ಹೇಳುತ್ತಿದ್ದ ಹುಡುಗ ಕೀರ್ತಿರಾಜ್. ಸರ್ವೇಯರ್ ಕೆಲಸ, ಸ್ವಂತ ಮನೆ, ವರದಕ್ಷಿಣೆ ಕೇಳದ ಜನ. ಲಕ್ಕಯ್ಯ ಬೀಡಿ ಆರಿಸಿ, "ಆಯ್ತು. ಎಷ್ಟು ಬಂದ್ರೆ ಪಾಸು?" ಅಂದ.

"ನೂರಕ್ಕೆ ಅರವತ್ತು. ಫಸ್ಟ್ ಕ್ಲಾಸ್ ಬಂದ್ರೆ ನಾನು ತಗಾದೆ ಎತ್ತಲ್ಲ."

"ಎಲ್ರೂ ಕೇಳುಸ್ಕೊಂಡ್ರಲ್ಲ?" ಅಂದ ಲಕ್ಕಯ್ಯ ನಗುತ್ತಾ. ನಾಗಲಕ್ಷ್ಮಿಗೆ ನಗು ಬರಲಿಲ್ಲ. ಮಗಳ ಬಾಯಿಂದ ಮಾತು ಸ್ವಲ್ಪ ಬೇಗ ಬಿತ್ತು ಅನ್ನಿಸಿತು.

ಆ ಮಧ್ಯಾಹ್ನವೇ ಅಪ್ಪ ಮಕ್ಕಳು ಚನ್ನರಾಯಪಟ್ಟಣಕ್ಕೆ ಹೋಗಿ ಸಂಜೆಗೆ ನೀಲಿ ಫೋನು ತಂದರು. ಕ್ಯಾಮೆರಾದಲ್ಲಿ ಮೇಲು, ಜಾಗದಲ್ಲಿ ಮೇಲು, ಬ್ಯಾಟರಿಯಲ್ಲಿ ಮೇಲು, ಬೆಲೆಯಲ್ಲಿ ನಡುವಿನದು. ಸದ್ದಿನಲ್ಲಿ ಮೂರರೊಳಗೆ ಕಡೆಯದು. ಆದರೂ ಕೂಡಿದಾಗ ಎಲ್ಲಕ್ಕಿಂತ ಮುಂದಿತ್ತು. ದೊಡ್ಡಮ್ಮ ಡಬ್ಬಕ್ಕೆ ಕುಂಕುಮವಿಟ್ಟು ಬುದ್ಧನ ಮುಂದೆ ಇರಿಸಿ ಕೈಮುಗಿದಳು. ಜಗಳ ನಿಂತಿತು. ಅಷ್ಟು ದಿನದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಬಸ್ಸಾರು ಮುದ್ದೆ ಉಂಡರು. ಲೆಕ್ಕ ಒಳ್ಳೆಯದೇ ಅಂದುಕೊಂಡಳು ನಾಗಲಕ್ಷ್ಮಿ.

ಮರುದಿನ ಸೋಮವಾರ. ಗೌತಮ್ ಫೋನೆತ್ತಿ ಸದ್ದು ಪೂರಾ ಏರಿಸಿ ಅಜ್ಜಿಯ ಕಿವಿಗೆ ಹಿಡಿಸಿ ಆಟಕ್ಕೆ ಓಡಿದ.

"ಊಂ… ಚೆಂದಾಗಿವ್ನಿ ಕಣವ್ವ… ಊಂ… ಊಂ… ಸರಿ ಮಡುಗು."

ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಮಾತು ಮುಗಿದಿತ್ತು. "ಏನಂದ್ರತ್ತೆ ಅತ್ತಿಗೆ?" ಕೇಳಿದಳು ನಾಗಲಕ್ಷ್ಮಿ.

"ಇನ್ನೇನು? ಮಳೆ, ಬೆಳೆ," ಅಂದು ದೊಡ್ಡಮ್ಮ ಸೊಪ್ಪು ಸೋಸಲು ಕೂತಳು.

ಮುಂದಿನ ಸೋಮವಾರವೂ ಅಷ್ಟೇ. ಅದರ ಮುಂದಿನದ್ದು ಇನ್ನೂ ಚಿಕ್ಕದು. ಮೊದಲೆಲ್ಲ ಫೋನಿಟ್ಟ ಮೇಲೆ ಮಾರಮ್ಮನ ಮನೆಯ ಹಸು ಕರು ಹಾಕಿದ್ದರಿಂದ ಹಿಡಿದು ಅವಳ ಮೊಣಕಾಲಿನ ನೋವಿನವರೆಗೆ ಎರಡು ದಿನ ಹೇಳುತ್ತಿದ್ದ ಮುದುಕಿ ಈಗ ಏನೂ ಹೇಳುತ್ತಿರಲಿಲ್ಲ. ಬಾಗಿಲಲ್ಲಿ ಕೂರುವುದನ್ನೂ ಬಿಟ್ಟಳು. ವಯಸ್ಸಾಯಿತು, ಅದಕ್ಕೆ ಇರಬೇಕು ಎಂದುಕೊಂಡು ನಾಗಲಕ್ಷ್ಮಿ ಒಂದು ಚಮಚ ತುಪ್ಪ ಹೆಚ್ಚು ಹಾಕತೊಡಗಿದಳು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಬಸ್ಸಿಳಿದು ಮಾರಮ್ಮನೇ ಬಂದಳು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ವೀಳ್ಯದೆಲೆಯ ಕಟ್ಟು. ಕಾಲು ತೊಳೆಯುವ ಮೊದಲೇ, "ಬುಧವಾರ ಅವ್ರು ವೀಳ್ಯಶಾಸ್ತ್ರಕ್ಕೆ ಬತ್ತಾರೆ ಕಣ್ಲಾ ಲಕ್ಕ. ಅಡುಗೆಗೆ ಏನೇನು ಬೇಕು ನೋಡು," ಅಂದಳು.

ಲಕ್ಕಯ್ಯ ಕಕ್ಕಾಬಿಕ್ಕಿಯಾದ. "ವೀಳ್ಯನಾ? ನಾವಿನ್ನೂ ಊಂ ಅಂದೇ ಇಲ್ವಲ್ಲಕ್ಕ?"

"ಅವ್ವ ಅಂದವ್ಳಲ್ಲ! ಓದ್ಸಲ ಫೋನ್ನಾಗೆ ಎಲ್ಲ ಬಿಡಿಸಿ ಏಳಿದೆ. ಮದುವೆ ಆದ್ಮೇಕೆ ಓದು ನಿಲ್ಲಿಸ್ಬೇಕು, ಕೆಲಸ ಗಿಲಸ ಅಂತ ಓಡಾಡಂಗಿಲ್ಲ, ಉಳಿದಂಗೆ ಅವ್ರದ್ದೇನೂ ತಕರಾರಿಲ್ಲ, ಏನಂತೀಯ ಅಂದೆ. ಊಂ ಕಣವ್ವ, ಅಂಗೇ ಆಗ್ಲಿ ಅಂದ್ಳು. ನಾನು ಓಗಿ ಒಪ್ಪುಗೆ ಏಳ್ಬುಟ್ಟೆ."

ಆಗತಾನೆ ಹಾಸನದಿಂದ ಬಂದು ಬ್ಯಾಗು ಇಳಿಸುತ್ತಿದ್ದ ಬಿಂದುಶ್ರೀಯ ಮುಖ ಬಿಳಿಚಿತು. "ಅಜ್ಜಿ, ನೀನು ಅಂಗಂದ್ಯಾ?"

"ನಾನೆಲ್ಲಂದೆ? ಮಾರಿ ಮಳೆ ಸುದ್ದಿ ಏಳಿದ್ಳು," ಅಂದಳು ದೊಡ್ಡಮ್ಮ. ಅವಳ ಕಣ್ಣು ನೆಲ ನೋಡುತ್ತಿತ್ತು.

"ಸುಳ್ಳು ಏಳ್ಬೇಡ ಕಣವ್ವ, ಈ ವಯಸ್ನಾಗೆ!"

"ನೀನೇ ಸುಳ್ಳಿ!"

ತಾಯಿ ಮಗಳಿಗೆ ಹತ್ತಿಕೊಂಡಿತು. ಗದ್ದಲದ ನಡುವೆ ನಾಗಲಕ್ಷ್ಮಿ ಗೌತಮನನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಏನೋ ಹೇಳಿದಳು. ಅವನು ಮಾರಮ್ಮನನ್ನು ಹಿತ್ತಲ ಹುಣಸೆ ಮರದ ಆಚೆಗೆ ಕರೆದುಕೊಂಡು ಹೋಗಿ ಅವಳ ಫೋನಿಂದ ಮನೆಯ ಫೋನಿಗೆ ಕರೆ ಮಾಡಿಸಿದ. "ಮಾತಾಡ್ಬೇಡ ಅತ್ತೆ. ಸುಮ್ನೆ ನಿಂತ್ಕೊ," ಅಂದ.

ಒಳಗೆ ನೀಲಿ ಫೋನು ಹಾಡಿತು. ನಾಗಲಕ್ಷ್ಮಿ ಎತ್ತಿ ಅತ್ತೆಯ ಕಿವಿಗೆ ಕೊಟ್ಟಳು. "ಅತ್ತಿಗೆ ಹಿತ್ತಲಿಂದ ಮಾಡವ್ರೆ. ಕೋಪ ಮಾಡ್ಕೋಬೇಡಿ, ಏನಂತಾರೆ ಕೇಳಿ."

ಮರದ ಕೆಳಗೆ ಮಾರಮ್ಮ ತುಟಿ ಬಿಗಿದು ನಿಂತಿದ್ದಳು. ಒಂದು ಅಕ್ಷರ ಆಡಲಿಲ್ಲ.

"ಊಂ…" ಅಂದಳು ದೊಡ್ಡಮ್ಮ. ಸ್ವಲ್ಪ ತಡೆದು, "ಆಯ್ತು ಕಣವ್ವ… ಊಂ… ಚೆಂದಾಗಿವ್ನಿ… ಅಂಗೇ ಆಗ್ಲಿ."

ಯಾರೂ ನಗಲಿಲ್ಲ. ಹಿತ್ತಲ ಬಾಗಿಲಿಂದ ಮಾರಮ್ಮ ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅವ್ವ, ನಿಂಗೆ ನನ್ ಮಾತು ಕೇಳುಸ್ತಿರ್ನಿಲ್ವಾ? ಇಷ್ಟು ವಾರವೂ?"

ದೊಡ್ಡಮ್ಮ ಫೋನನ್ನು ಸೆರಗಿನಿಂದ ಒರೆಸಿದಳು. "ಏನೋ ಗುಂಯ್ ಅಂತದೆ. ಎಲ್ರೂ ಕುಂತು ಲೆಕ್ಕ ಆಕಿ ತಂದದ್ದು. ಮನೇಲಿ ಜಗಳ ನಿಂತದೆ. ನಾನ್ಯಾಕೆ ಕೊಂಕು ತೆಗೀಲಿ ಅಂತ… ನೀನು ಆ ಕಡೆ ಇದ್ದೀಯಲ್ಲ, ಅಷ್ಟೇ ಸಾಕು ಅಂತ ಊಂ ಅಂತಿದ್ದೆ."

ಬಿಂದುಶ್ರೀ ತನ್ನ ಫೋನು ತೆಗೆದು ಅದರ ಸಿಮ್ಮನ್ನೂ ನೀಲಿ ಫೋನಿನ ಸಿಮ್ಮನ್ನೂ ಅದಲುಬದಲು ಮಾಡಿದಳು. ಅವಳ ಫೋನಿನ ಗಾಜು ಒಡೆದಿತ್ತು, ಗಂಟಲು ಗಟ್ಟಿಯಿತ್ತು. "ಇನ್ಮೇಲೆ ಇದು ನಿಂದಜ್ಜಿ," ಅಂದಳು. ಆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಮಂಗಳವಾರ. ಲಕ್ಕಯ್ಯ ನೀರು ಬಿಟ್ಟು ಬಂದವನೇ ಜಗಲಿಯಲ್ಲಿ ಕೂತ. ಅವನ ಮನಸ್ಸು ಒಂದು ಕಡೆಗೆ ಬಂದಿದ್ದು ಅವನು ಕೂತ ಭಂಗಿಯಲ್ಲೇ ನಾಗಲಕ್ಷ್ಮಿಗೆ ತಿಳಿಯಿತು.

"ಅವ್ವಂಗೆ ಕೇಳುಸ್ಲಿಲ್ಲ, ಒಪ್ಪಿದೆ. ಆದ್ರೆ ಸಂಬಂಧ ಕೆಟ್ಟದ್ದಲ್ಲ. ಬಿಂದು, ನೀನೇ ಮಾತು ಕೊಟ್ಟಿದ್ದೆ. ತಗಾ ಬೀಜಾನ."

ಬಿಂದು ಅಂದು ಕಾಲೇಜಿಗೆ ಹೋಗಿರಲಿಲ್ಲ. ಚೀಲ ತಂದಳು. ಇದ್ದಿಲಿನಿಂದ ಐದು ಮನೆ ಎಳೆದಳು: ಗುಣ, ಸಂಬಳ, ಮನೆತನ, ದೂರ, ಓದು-ಕೆಲಸ. ಈ ಸಲ ಒಂದೊಂದು ಬೀಜ ಬೀಳುವ ಸದ್ದೂ ಕೇಳಿಸಿತು. ಬಿಂದು ಏಳನ್ನು ಓದು-ಕೆಲಸಕ್ಕೆ ಹಾಕಿ ಮೂರನ್ನು ಗುಣಕ್ಕೆ ಹಾಕಿದಳು. ದೊಡ್ಡಮ್ಮ ಹತ್ತನ್ನೂ ಗುಣಕ್ಕೆ. ಲಕ್ಕಯ್ಯ, ಗೌತಮ್ ಸಂಬಳಕ್ಕೆ ಮನೆತನಕ್ಕೆ ದೂರಕ್ಕೆ ಹಂಚಿದರು. ನಾಗಲಕ್ಷ್ಮಿ ಐದನ್ನು ಮಗಳು ಹಾಕಿದ ಮನೆಗೆ ಹಾಕಿ, ಉಳಿದದ್ದನ್ನು ಅಲ್ಲಿ ಇಲ್ಲಿ ಇಟ್ಟಳು.

ಇನ್ನು ಹುಡುಗನಿಗೆ ಅಂಕ. ಮಾರಮ್ಮನನ್ನು ಕೇಳಿ ಕೇಳಿ ಕೊಟ್ಟರು. ಕುಡಿತವಿಲ್ಲ, ಜೂಜಿಲ್ಲ, ಮೆತ್ತಗಿನ ಮಾತು: ಗುಣಕ್ಕೆ ಐದಕ್ಕೆ ನಾಲ್ಕು. ಸಂಬಳಕ್ಕೆ ಐದು, ಮನೆತನಕ್ಕೆ ಐದು. ಅರಕಲಗೂಡು ಬಲು ದೂರವಲ್ಲ: ನಾಲ್ಕು. ಕೊನೆಯ ಮನೆಗೆ ಬಂದಾಗ ಎಲ್ಲರೂ ಬಿಂದುವಿನ ಮುಖ ನೋಡಿದರು.

"ಸೊನ್ನೆ," ಅಂದಳು ಅವಳು. ಆಮೇಲೆ ಮನಸ್ಸಿನಲ್ಲೇ ಕೂಡಿ ನೂರಕ್ಕೆ ಇಳಿಸಿದಳು.

"ಎಷ್ಟು ಬಂತವ್ವ?" ಕೇಳಿದ ಲಕ್ಕಯ್ಯ.

"ಅರವತ್ತೆಂಟು."

ಮಾರಮ್ಮ ಚಪ್ಪಾಳೆ ತಟ್ಟಿದಳು. ಲಕ್ಕಯ್ಯ ಮಗಳ ತಲೆಯ ಮೇಲೆ ಕೈಯಿಟ್ಟ. ಗೆದ್ದ ಸಂಭ್ರಮ ಅವನಿಗಿರಲಿಲ್ಲ, ಹೊರೆ ಇಳಿದ ಹಾಗಿದ್ದ. "ಫಸ್ಟ್ ಕ್ಲಾಸು. ನಾನು ಬಲವಂತ ಮಾಡ್ಲಿಲ್ಲ ನೋಡು. ನಿನ್ ಲೆಕ್ಕಾನೇ ಏಳ್ತು."

ಬಿಂದು ತಲೆಯಾಡಿಸಿದಳು. ಅವಳ ಕಣ್ಣಿಂದ ಒಂದು ಹನಿ ಇದ್ದಿಲ ಗೆರೆಯ ಮೇಲೆ ಬಿತ್ತು. "ಮಾತು ಕೊಟ್ಟಿದ್ದೆ ಅಪ್ಪ. ತಗಾದೆ ಎತ್ತಲ್ಲ."

ನಾಗಲಕ್ಷ್ಮಿ ಕಂಬಕ್ಕೆ ಒರಗಿ ನಿಂತಿದ್ದಳು. ಆ ಮನೆಗೆ ಬಂದ ಲಾಗಾಯ್ತು ಗಂಡಸರ ಮಾತಿನ ನಡುವೆ ಅವಳು ಬಾಯಿ ಹಾಕಿದವಳಲ್ಲ. ಈಗ ಬುದ್ಧನ ಪಟದ ಕಡೆ ಒಮ್ಮೆ ನೋಡಿದಳು. ಅತ್ತೆ ಇಟ್ಟ ಕುಂಕುಮ ಜಾರಿ ಮೂಗಿನ ಮೇಲೆ ಬಂದಿತ್ತು, ಆದರೂ ಆ ಮುಖ ಶಾಂತವಾಗಿತ್ತು.

"ಆ ನೀಲಿ ಫೋನೂ ಇಂಗೇ ತಾನೇ ಗೆದ್ದಿದ್ದು?" ಅಂದಳು.

ಎಲ್ಲರೂ ತಿರುಗಿದರು.

"ಏನಂದೆ?" ಅಂದ ಲಕ್ಕಯ್ಯ.

"ಕ್ಯಾಮ್ರಾ, ಜಾಗ, ಬ್ಯಾಟರಿ ಎಲ್ಲ ತುಂಬಿತ್ತು. ಸದ್ದಿನ ಮನೇಲಿ ಸೊನ್ನೆ ಇತ್ತು. ಅದು ಅತ್ತೆಗಿದ್ದ ಒಂದೇ ಮನೆ. ಫೋನಾಗಿದ್ದಕ್ಕೆ ಸಿಮ್ಮು ಬದಲಾಯಿಸ್ಕೊಂಡ್ವಿ. ನಾಳೆ ಇವಳು ಅಲ್ಲಿಗೋಗಿ, ಮನೇಲಿ ಜಗಳ ನಿಂತದಲ್ಲ ಅಂತ ವರ್ಷಾನುಗಟ್ಟಲೆ ಊಂ ಊಂ ಅಂತ ಕುಂತ್ರೆ, ಬದಲಾಯಿಸ್ಕೊಳಕ್ಕೆ ಏನೈತೆ?"

ಇಷ್ಟು ಮಾತನ್ನು ಅವಳು ಒಂದೇ ಸಲಕ್ಕೆ ಆಡಿದ್ದು ಯಾರಿಗೂ ನೆನಪಿರಲಿಲ್ಲ. ದೊಡ್ಡಮ್ಮ ಕಿವಿಗೆ ಕೈ ಅಡ್ಡ ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

ಬಿಂದು ಕಣ್ಣೊರೆಸಿಕೊಂಡಳು. "ಕೂಡೋದೊಂದೇ ಅಲ್ಲ ಅಪ್ಪ. ಗುಣಿಸೋ ವಿಧಾನಾನೂ ಐತೆ ಪುಸ್ತಕದಲ್ಲಿ. ಕೂಡೋದು ಸಲೀಸು ಅಂತ ಅದನ್ನ ಹಿಡ್ಕೊಂಡೆ, ತಪ್ಪು ನಂದೇ. ಮನೆ ಮನೆ ಅಂಕಾನ ಒಂದಕ್ಕೊಂದು ಗುಣಿಸಿದ್ರೆ, ಒಂದು ಮನೇಲಿ ಸೊನ್ನೆ ಬಿದ್ರೆ ಎಲ್ಲಾನೂ ಸೊನ್ನೆ."

"ಸೋಲ್ತೀನಿ ಅಂದ್ಕೂಡ್ಲೆ ಲೆಕ್ಕಾನೇ ಬದಲಾಯಿಸ್ತಾಳೆ ನೋಡು," ಅಂದಳು ಮಾರಮ್ಮ.

"ಅದೇ ಮತ್ತೆ!" ಲಕ್ಕಯ್ಯನ ದನಿ ಏರಿತು. "ಅಂಥ ಗುಣ, ಅಂಥ ಕೆಲಸ, ಒಂದು ಸೊನ್ನೆಗೆ ಎಲ್ಲ ಅಳಿಸ್ಬುಡೋದಾ? ಇದ್ಯಾವ ನ್ಯಾಯ? ಒಟ್ನಲ್ಲಿ ನೋಡಿದ್ರೆ…"

ಅಷ್ಟಕ್ಕೇ ನಿಂತ. "ಒಟ್ನಲ್ಲಿ" ಎಂಬ ಮಾತು ಅವನ ಬಾಯಲ್ಲೇ ಉಳಿಯಿತು. ಬೀದಿಯ ತುದಿಯಲ್ಲಿ ಮಂಚಯ್ಯ ಅವತ್ತೂ ಯಾರದೋ ಮನೆಯಿಂದ ಬಿಂದಿಗೆ ಹೊತ್ತು ಹೋಗುತ್ತಿದ್ದ. ಲಕ್ಕಯ್ಯ ಅವನು ಮರೆಯಾಗುವವರೆಗೆ ನೋಡಿದ. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡು, "ಅವ್ವನ ಫೋನು ಕೊಡ್ಲಾ ಗೌತಮ. ಆ ಹುಡುಗನ್ನೇ ಕೇಳ್ಬುಡ್ತೀನಿ. ಒಂದು ಬೀಜದಷ್ಟಾದ್ರೂ ಜಾಗ ಮಾಡ್ತಾರಾ ನೋಡಾನ," ಅಂದ.

ಮಾರಮ್ಮ ನಂಬರು ಕೊಡುವಾಗ ಮುಖ ಊದಿಸಿದ್ದಳು. ಗೌತಮ್ ಸ್ಪೀಕರ್ ಹಾಕಿ ಫೋನನ್ನು ಬೀಜಗಳ ನಡುವೆ ಇಟ್ಟ. ದನಿ ಜಗಲಿ ತುಂಬಾ ಬಂತು.

"ಹೇಳಿ ಮಾವ," ಅಂದ ಕೀರ್ತಿರಾಜ್. ಆ ಕರೆಗೆ ಲಕ್ಕಯ್ಯನ ಮುಖ ಒಂದು ಗಳಿಗೆ ಕರಗಿತು.

"ಏನಿಲ್ಲ ಕಣಪ್ಪ. ನಮ್ ಹುಡುಗಿ ಓದು ಇನ್ನೊಂದು ವರ್ಷ ಐತೆ. ಆಮೇಲೆ ಪಾಠ ಮಾಡ್ತೀನಿ ಅಂತಾಳೆ. ಅದೊಂದಕ್ಕೆ ನೀವು ಊಂ ಅಂದ್ರೆ, ನಾಳೆನೇ ವೀಳ್ಯ."

"ನಂದೇನಿಲ್ಲ ಮಾವ… ಅಮ್ಮನ ಕೈಗೆ ಕೊಡ್ತೀನಿ."

"ನಿಂದೇನು ಅಂತ ಏಳಪ್ಪ. ಮದುವೆ ಆಗೋನು ನೀನು."

"ಅಮ್ಮನೇ ಮಾತಾಡ್ತಾರೆ," ಅಂದ ಅವನು. ಫೋನು ಕೈ ಬದಲಾಯಿತು.

"ನಮಸ್ಕಾರ ಕಣಣ್ಣ," ಅಂದಿತು ಹೆಂಗಸಿನ ದನಿ. "ಇದೇನು ಈಗ ಹೊಸ ರಾಗ? ಸೊಸೆ ಬಸ್ಸತ್ತಿ ಊರೂರು ತಿರುಗೋದು ನಮ್ಮನೇಲಿ ನಡ್ಯಾಕಿಲ್ಲ. ಮೊದ್ಲೇ ಏಳಿ ಕಳ್ಸಿದ್ದೀವಿ. ನಿಮ್ಮವ್ವನೇ ಊಂ, ಅಂಗೇ ಆಗ್ಲಿ ಅಂದವ್ರಂತೆ. ಹಿರಿಯೋರ ಮಾತಿಗೆ ಬೆಲೆ ಇಲ್ವಾ ನಿಮ್ಮಲ್ಲಿ?"

ಲಕ್ಕಯ್ಯ ತಾಯಿಯ ಕಡೆ ನೋಡಿದ. ದೊಡ್ಡಮ್ಮ ಗೋಡೆ ಹಿಡಿದು ಎದ್ದಳು. ಬೀಜಗಳ ಮುಂದೆ ಬಂದು ಕೂತು ಫೋನನ್ನು ಎರಡೂ ಕೈಯಲ್ಲಿ ಎತ್ತಿ, ಬಾಯಿಯ ಹತ್ತಿರ ಹಿಡಿದಳು.

"ಊಂ ಅಂದೋಳು ನಾನೇ ಕಣವ್ವ. ಅವತ್ತು ನಂಗೇನೂ ಕೇಳುಸಿರ್ನಿಲ್ಲ. ತಪ್ಪಾಯ್ತು. ಇವತ್ತು ನೀನಂದಿದ್ದು ಒಂದಕ್ಷರ ಬಿಡದಂಗೆ ಕೇಳುಸ್ತು." ಉಸಿರು ತೆಗೆದುಕೊಂಡಳು. "ಊಹೂಂ."

ಆ ಕಡೆಯವರು ಇನ್ನೊಂದೆರಡು ಮಾತು ಆಡಿ ಫೋನಿಟ್ಟರು.

"ನನ್ ಮಾನ ಏನಾಗ್ಬೇಕು? ಅವ್ರ ಬೀದೀಲಿ ನಾನು ಎಂಗೆ ಓಡಾಡ್ಲಿ?" ಮಾರಮ್ಮ ಅಳುಮೋರೆ ಮಾಡಿದಳು.

"ನನ್ನ ಮೇಲೆ ಆಕ್ಬುಡು ಕಣವ್ವ," ಅಂದಳು ದೊಡ್ಡಮ್ಮ. "ನಮ್ಮವ್ವ ಕಿವುಡಿ ಅನ್ನು. ನಿಜಾನೇ ಅಲ್ವಾ?"

ಗೌತಮ್ ಕಿಸಕ್ಕನೆ ನಕ್ಕ. ಮಾರಮ್ಮ ಅವನ ಬೆನ್ನಿಗೆ ಗುದ್ದಿ, ತಾನೂ ತಡೆಯಲಾರದೆ ನಕ್ಕುಬಿಟ್ಟಳು.

ಲಕ್ಕಯ್ಯ ನಗಲಿಲ್ಲ. ಬಗ್ಗಿ, ತುಂಬಿದ ಮನೆಗಳಿಂದ ಬೀಜಗಳನ್ನು ಆರಿಸಿ ಚೀಲಕ್ಕೆ ಹಾಕುತ್ತಿದ್ದ. ಒಳ್ಳೆಯ ಸಂಬಂಧವೊಂದು ಕೈಬಿಟ್ಟ ನೋವು ಅವನ ಬೆರಳುಗಳಲ್ಲಿತ್ತು. ನಾಗಲಕ್ಷ್ಮಿ ಪಕ್ಕದಲ್ಲಿ ಕೂತು ಉರುಳಿ ದೂರ ಹೋಗಿದ್ದನ್ನೆಲ್ಲ ಹುಡುಕಿ ಕೊಟ್ಟಳು.

"ನಿನ್ನ ನೋಡಕ್ಕೆ ನಾನು ಹೊಳೆನರಸೀಪುರಕ್ಕೆ ಬಂದಾಗ ನಿನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ?" ಅಂದ, ತಲೆಯೆತ್ತದೆ.

"ಕಾಫಿಗೆ ಸಕ್ಕರೆ ಆಕಿದ್ಯಾ ಅಂತ ಕೇಳಿದ್ರು."

ಅವನು ಕೊನೆಯ ಬೀಜ ಹಾಕಿ ಚೀಲದ ದಾರ ಬಿಗಿದು ಅವಳ ಕೈಗೆ ಕೊಟ್ಟ. "ಜೋಪಾನವಾಗಿ ಮಡುಗು. ಬೇಕಾಯ್ತವೆ. ಏಳಿ, ಉಣ್ಣಾನ. ಸಾರು ಏನು ಮಾಡಿದೀಯ?"

ಹುರುಳಿಕಾಳು ಸಾರು. ಮಾರಮ್ಮನಿಗೆ ಇಷ್ಟ ಅಂತ ಬೆಳಗ್ಗೆಯೇ ಮಾಡಿಟ್ಟಿದ್ದಳು. ಎಲ್ಲರೂ ಸುತ್ತ ಕೂತರು. ದೊಡ್ಡಮ್ಮ ಮುದ್ದೆ ಮುರಿದು ಸಾರಿಗೆ ಅದ್ದುವಾಗ ಬಿಂದುಶ್ರೀ ಮೆಲ್ಲಗೆ ಅಂದಳು: "ಅಪ್ಪ, ನಾಳೆಯಿಂದ ಕಾಲೇಜಿಗೆ ಓಗ್ತೀನಿ. ಇನ್ನೊಂದು ವರ್ಷ ಓದು. ಆಮೇಲೆ ಕೆಲಸಕ್ಕೆ. ಆಮೇಲೆ ಬೇಕಾದ್ರೆ ಬೀಜ."

ಲಕ್ಕಯ್ಯನ ತುತ್ತು ತಟ್ಟೆಯ ಮೇಲೆ ನಿಂತಿತು. ನಾಗಲಕ್ಷ್ಮಿ ಸಾರಿನ ಸೌಟು ಹಿಡಿದು ಬಗ್ಗಿದವಳು ಹಾಗೇ ನಿಂತಳು.

"ಊಂ," ಅಂದ ಅವನು.

ದೊಡ್ಡಮ್ಮ ಮಗನ ಕಡೆ ಬಾಗಿ, ಅವನ ಕಿವಿಯನ್ನೇ ದಿಟ್ಟಿಸಿದಳು. "ಕೇಳುಸ್ಕೊಂಡು ಅಂದ್ಯೇನ್ಲಾ?"

"ಕೇಳುಸ್ಕೊಂಡೇ ಅಂದೆ ಕಣವ್ವ."